ಮುಕ್ಕಾಲು ಸುತ್ತು

ಟಿಕ್ ಎಂದಿತು. ಅಷ್ಟೇ. ಉಣ್ಣುವಾಗ ಹಲ್ಲಿಗೆ ಹರಳು ಸಿಕ್ಕರೆ ಆಗುವಷ್ಟು ಸದ್ದು.

ರಾತ್ರಿ ಒಂದೂವರೆ ದಾಟಿತ್ತು. ನಾನು ಎಚ್ಚರವಾಗಿಯೇ ಇದ್ದೆ. ಐದು ವಾರದ ಮೇಲೆ ಅಮ್ಮ ಬೆಳಿಗ್ಗೆ ಹತ್ತಕ್ಕೆ ಇಲೊಯಿಲೊ ನಗರದ ಆಸ್ಪತ್ರೆಯಿಂದ ಮನೆಗೆ ಬರುವವಳಿದ್ದಳು. ದಂಡೆಗೆ ಬಡಿಯುವ ಅಲೆ, ಸೂರಿನ ಕೆಳಗಿನ ದೊಡ್ಡ ಹಲ್ಲಿ, ಪಕ್ಕದ ಮನೆಯಲ್ಲಿ ಒಂದೊಂದು ಗೂಡಿಗೆ ಒಂದೊಂದರಂತೆ ಕಟ್ಟಿಹಾಕಿದ ಕಾಳಗದ ಹುಂಜಗಳು, ಈ ಮನೆಯ ರಾತ್ರಿಯ ಸದ್ದುಗಳೆಲ್ಲ ನನಗೆ ಗೊತ್ತು. ಇದು ಅವುಗಳಲ್ಲಿ ಯಾವುದೂ ಅಲ್ಲ. ಅಮ್ಮನ ಕೋಣೆಗೆ ತಾಗಿಸಿ ಹೊಸದಾಗಿ ಕಟ್ಟಿಸಿದ ಬಚ್ಚಲಿನಿಂದ ಬಂದ ಸದ್ದು.

ಟಾರ್ಚು ಹಿಡಿದು ಹೋದೆ. ಬಿಳಿ ಕಮೋಡು ಸಂಜೆ ಇದ್ದಲ್ಲೇ ಇತ್ತು. ಸುತ್ತ ಬೆರಳಾಡಿಸಿದೆ, ನೀರಿನ ಪಸೆ ಇರಲಿಲ್ಲ. ಗೋಡೆಯ ಹಿಡಿಕೆ ಗಟ್ಟಿಯಾಗಿತ್ತು. ಆಮೇಲೆ ಅಮ್ಮ ಏಳುವಾಗ ಹೇಗೆ ಊರಬಹುದೋ ಹಾಗೆ, ಕಮೋಡಿನ ಬಲ ಅಂಚಿಗೆ ಎರಡೂ ಅಂಗೈ ಇಟ್ಟು ಭಾರ ಬಿಟ್ಟೆ.

ಅಲ್ಲಾಡಿತು. ಒಂದು ಅಕ್ಕಿಕಾಳಿನ ದಪ್ಪದಷ್ಟು. ಸಂಜೆ ಅಲ್ಲಾಡಿರಲಿಲ್ಲ.

ನಾನು ಅಲ್ಲೇ ಒದ್ದೆಯಿಲ್ಲದ ನೆಲದ ಮೇಲೆ ಕೂತುಬಿಟ್ಟೆ. ಯಾಕೆಂದರೆ ಏನು ಮುರಿದಿದೆಯೆಂದು ನನಗೆ ಆಗಲೇ ಗೊತ್ತಾಗಿತ್ತು. ಯಾರು ಮುರಿದದ್ದು ಎಂದೂ ಗೊತ್ತಾಗಿತ್ತು.

ಅಮ್ಮ ಬಿದ್ದದ್ದು ಹಿತ್ತಲಿನ ಹಳೆಯ ಕಕ್ಕಸಿಗೆ ಹೋಗುವಾಗ, ಪಾಚಿ ಕಟ್ಟಿದ ಕಲ್ಲಿನ ಮೇಲೆ. ಸೊಂಟದ ಮೂಳೆಗೆ ತಗಡು ಹಾಕಿ ಕೂಡಿಸಿದರು. ಅದು ವಾಸಿಯಾಗುತ್ತಾ ಬಂತು, ಆದರೆ ಅಮ್ಮ ನೀರು ಕುಡಿಯುವುದನ್ನು ಬಿಟ್ಟಳು. ಕುಡಿದರೆ ನರ್ಸಿನ ಹತ್ತಿರ ಬೇಸಿನ್ನು ಕೇಳಬೇಕು; ಕೇಳುವುದಕ್ಕಿಂತ ಬಾಯಾರಿ ಮಲಗುವುದು ಮೇಲು ಅನ್ನಿಸಿತು ಅವಳಿಗೆ. ಮೂತ್ರದ ಸೋಂಕು ತಗುಲಿ ಮೂರು ದಿನ ಜ್ವರದಲ್ಲಿ ಬಡಬಡಿಸಿದಳು. ಡಾಕ್ಟರು ನನ್ನನ್ನು ಹೊರಗೆ ಕರೆದು, "ಟೀಚರ್, ಮನೇಲಿ ಇವರು ಹೆದರಿಕೆ ಇಲ್ಲದೆ ಹೋಗಿ ಕೂರೋ ಜಾಗ ಇರಬೇಕು. ಒಂದು ಸಲ ಕಾಲಡಿ ಅಲ್ಲಾಡಿದ್ರೆ ಮುಗೀತು, ಮತ್ತೆ ನೀರು ಮುಟ್ಟಲ್ಲ. ಇನ್ನೊಂದು ಸೋಂಕನ್ನ ಈ ಮೈ ತಡೆಯಲ್ಲ" ಅಂದಿದ್ದರು.

ಅಮ್ಮ ಒಂದೇ ಷರತ್ತು ಹಾಕಿದ್ದಳು: "ಇಪ್ಯೊ ಕೂರಿಸಿದ್ದಾದ್ರೆ ಕೂರ್ತೀನಿ. ಬೇರೆ ಯಾರು ಮುಟ್ಟಿದ್ದರ ಮೇಲೂ ಕೂರಲ್ಲ."

ಇಪ್ಯೊ ಮೇಸ್ತ್ರಿ ನಮ್ಮ ಊರಿನ ಅರ್ಧ ಮನೆಗಳನ್ನು ಕಟ್ಟಿದವರು. ನನಗೆ ಚರ್ಚಿನಲ್ಲಿ ಹೆಸರಿಡುವ ದಿನ ನನ್ನನ್ನು ಎತ್ತಿಕೊಂಡು ನಿಂತವರು. ಹಾಗಾಗಿ ನನಗೆ ಅವರು ನಿನೊಂಗ್, ಅಪ್ಪನ ಸಮಾನ. ನಮ್ಮಲ್ಲಿ ನಿನೊಂಗನ ಎದುರು ದನಿ ಎತ್ತುವುದಿಲ್ಲ. ಈ ಬಚ್ಚಲಿನ ಪಕ್ಕದಲ್ಲಿ ಕಕ್ಕಸಿನ ಹೊಸ ಹೊಂಡ ತೋಡಿದ ದಿನ ಅವರು ಕೋಳಿ ಕೊಯ್ದು ನಾಲ್ಕು ಮೂಲೆಗೂ ರಕ್ತ ಬಿಟ್ಟರು. ವಿಜ್ಞಾನ ಓದಿಸುವ ನಾನು ಸುಮ್ಮನೆ ತಟ್ಟೆ ಹಿಡಿದು ನಿಂತಿದ್ದೆ.

ತೊಂದರೆ ಶುರುವಾದದ್ದು ಪೆಟ್ಟಿಗೆಯಿಂದ. ನನ್ನ ತಮ್ಮ ವಿಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೊಳಾಯಿ ಕೆಲಸದವನು. ಹನ್ನೊಂದು ವರ್ಷದಿಂದ ಬಂದಿಲ್ಲ. ಕಾಗದಪತ್ರ ಸರಿಹೋಗುವವರೆಗೆ ಬರುವಂತೆಯೂ ಇಲ್ಲ. ಅವನ ಬದಲು ವರ್ಷಕ್ಕೆರಡು ಸಲ ರಟ್ಟಿನ ಪೆಟ್ಟಿಗೆ ಬರುತ್ತದೆ. ಅಮ್ಮ ಬಿದ್ದ ಸುದ್ದಿ ಕೇಳಿ ಈ ಸಲ ವಿಮಾನದಲ್ಲೇ ಕಳಿಸಿದ್ದ. ಡಬ್ಬಿ ಮಾಂಸ, ಸೋಪು, ಅಮ್ಮನಿಗೆ ಉಣ್ಣೆಯ ಕಾಲುಚೀಲ, ಎರಡು ದಪ್ಪ ಟವೆಲು. ಟವೆಲಿನ ಒಳಗೆ ಮಗುವನ್ನು ಸುತ್ತಿದ ಹಾಗೆ ಸುತ್ತಿದ್ದ ಒಂದು ಬಿಳಿ ಪ್ಲಾಸ್ಟಿಕ್ ಫ್ಲ್ಯಾಂಜು, ಒಂದು ಮೇಣದ ಉಂಗುರ, ಎರಡು ಹಿತ್ತಾಳೆ ಬೋಲ್ಟು.

ಫ್ಲ್ಯಾಂಜು ಅಂಥ ದೊಡ್ಡ ವಸ್ತುವೇನಲ್ಲ. ನೆಲದಿಂದ ಮೇಲೆ ಬಂದ ಪೈಪಿನ ಬಾಯಿಗೆ ತೊಡಿಸುವ ಕೊರಳಪಟ್ಟಿ. ಅದರ ಅಂಚು ತಟ್ಟೆಯಂತೆ ನೆಲದ ಮೇಲೆ ಕೂರುತ್ತದೆ, ಅಂಚಿನ ಸೀಳುಗಳಲ್ಲಿ ಬೋಲ್ಟು ನಿಲ್ಲುತ್ತವೆ, ಕಮೋಡನ್ನು ನೆಲಕ್ಕೆ ಹಿಡಿದಿಡುವುದು ಆ ಬೋಲ್ಟುಗಳು. ಮೇಣದ ಉಂಗುರ ನಡುವೆ ಕೂತು ನೀರು ಸೋರದಂತೆ ತಡೆಯುತ್ತದೆ. ನಮ್ಮೂರಲ್ಲಿ ಅದರ ಗೊಡವೆಗೆ ಹೋಗುವವರು ಕಡಿಮೆ. ಮೇಸ್ತ್ರಿ ಪೈಪಿನ ಬಾಯಿ ಮೇಲೆ ಕಮೋಡಿಟ್ಟು, ಬುಡಕ್ಕೆಲ್ಲ ಸಿಮೆಂಟು ಮೆತ್ತಿ, ಎರಡು ದಿನ ಯಾರೂ ಕೂರಬೇಡಿ ಅಂದು ಹೋಗುತ್ತಾರೆ.

ಬುಧವಾರ ವಿಲ್ಲಿ ಫೋನಿನ ಪರದೆಯಲ್ಲಿ ಬಂದ. ನಾನು ಫೋನನ್ನು ಇಪ್ಯೊ ಮೇಸ್ತ್ರಿಯ ಮುಖದ ಮುಂದೆ ಹಿಡಿದೆ.

"ನಿನೊಂಗ್, ಸಿಮೆಂಟಲ್ಲಿ ಹೂಳ್ಬೇಡಿ. ನಾಳೆ ಏನಾದ್ರೂ ಕಟ್ಟಿಕೊಂಡ್ರೆ ಸುತ್ತಿಗೇಲಿ ಒಡೀಬೇಕಾಗತ್ತೆ."

"ನಾನು ಕೂರಿಸಿದ್ದು ಕಟ್ಟಿಕೊಳ್ಳಲ್ಲಪ್ಪ. ಪಾದ್ರಿಗಳ ಮನೇದು ಇಪ್ಪತ್ತಾರು ವರ್ಷ ಆಯ್ತು. ಐದು ಜನ ಪಾದ್ರಿಗಳು ಬದಲಾದ್ರು, ಅದು ಜಾಗ ಬಿಟ್ಟು ಕದಲಿಲ್ಲ."

"ಇಲ್ಲಿ ಫ್ಲ್ಯಾಂಜಿಲ್ದೆ ಇನ್ಸ್‌ಪೆಕ್ಟರ್ ಪಾಸೇ ಮಾಡಲ್ಲ."

"ಇಲ್ಲಿ ಇನ್ಸ್‌ಪೆಕ್ಟರ್ ನಿಮ್ಮಮ್ಮ," ಅಂದರು ಮೇಸ್ತ್ರಿ. "ಅವಳು ಪಾಸ್ ಮಾಡಿದ್ರೆ ಸಾಕು."

ವಿಲ್ಲಿ ನಗಲಿಲ್ಲ. "ಮನಾಂಗ್, ನೀನು ಹೇಳು," ಅಂದ. ಅಕ್ಕ ಅಂತ ಅವನು ನನ್ನನ್ನು ಕರೆಯುವ ರೀತಿ ಅದು. ಆ ದನಿಯಲ್ಲಿ ಕರೆದಾಗ ನನಗೆ ಅವನು ಏಳು ವರ್ಷದವನಾಗಿ ಕಾಣುತ್ತಾನೆ. "ನಾನು ಬರೋಕಾಗಲ್ಲ. ಇದನ್ನಾದ್ರೂ ಹಾಕಿಸು."

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಫ್ಲ್ಯಾಂಜಿನ ಜೊತೆ ಒಂದು ಅಚ್ಚಾದ ಚೀಟಿ ಇತ್ತು. ಅಚ್ಚಾದದ್ದನ್ನು ನಾನು ನಂಬುವವಳು. ತಮ್ಮನ ಮುಖವನ್ನೂ ನೋಡಲಾಗಲಿಲ್ಲ. "ಇದನ್ನೇ ಹಾಕೋಣ ನಿನೊಂಗ್," ಅಂದೆ.

ತೊಡಿಸಿ ನೋಡಿದರೆ ಅದು ಪೈಪಿನ ಮೇಲೆ ಲೊಳಲೊಳ ಅಲ್ಲಾಡಿತು. ಚೀಟಿಯಲ್ಲಿ ನಾಲ್ಕಿಂಚು ಎಂದಿತ್ತು, ನಮ್ಮ ಪೈಪೂ ನಾಲ್ಕಿಂಚಿನದೇ. ಆದರೆ ನಮ್ಮ ಕಿತ್ತಳೆ ಬಣ್ಣದ ಪೈಪಿನ ಹೊರವ್ಯಾಸ ನೂರ ಹತ್ತು ಮಿಲಿಮೀಟರು, ಅಮೆರಿಕದ್ದು ನೂರ ಹದಿನಾಲ್ಕು. ನಾನು ಅಳತೆಪಟ್ಟಿ ಹಿಡಿದು ಎರಡು ಸಲ ನೋಡಿದೆ.

"ಅವರದ್ದು ಉಂಡು ತಿಂದ ಪೈಪು, ನಮ್ಮದು ಬಡಕಲು," ಅಂದರು ಮೇಸ್ತ್ರಿ. ಆಮೇಲೆ ಕಾಗದದ ಸುರುಳಿಗೆ ಬೆಂಕಿ ಹಚ್ಚಿ ಪೈಪಿನ ಬಾಯಿಯನ್ನು ಸುತ್ತಲೂ ಕಾಯಿಸಿದರು. ಮೆತ್ತಗಾದಾಗ ಫ್ಲ್ಯಾಂಜು ತೊಡಿಸಿ, ಒಳಗಿನಿಂದ ಮರದ ಗೂಟ ಒತ್ತಿ ಪೈಪನ್ನು ಅಗಲಿಸಿ, ಅಂಟು ಹಚ್ಚಿ ಕೂರಿಸಿದರು. ಇಲ್ಲಿ ಎಲ್ಲ ಮೇಸ್ತ್ರಿಗಳೂ ಹಾಗೇ ಮಾಡುವುದು. ವಿಲ್ಲಿಗೆ ನಾನು ಬೆಂಕಿಯ ವಿಷಯ ಹೇಳಲಿಲ್ಲ.

ಶುಕ್ರವಾರ ಸಂಜೆ ಕಮೋಡು ಕೂತಿತು. ಮೇಸ್ತ್ರಿ ಬೋಲ್ಟಿನ ನೆಟ್ಟುಗಳನ್ನು ಸ್ಪ್ಯಾನರಿನಿಂದ ಎಡಕ್ಕೊಂದಿಷ್ಟು, ಬಲಕ್ಕೊಂದಿಷ್ಟು ಬಿಗಿ ಮಾಡುತ್ತಾ ಹೋಗಿ, ಒಂದು ಕಡೆ ನಿಲ್ಲಿಸಿದರು.

"ಸಾಕು."

"ಸಾಕಾ? ಇನ್ನೂ ತಿರುಗೋ ಹಾಗಿದೆಯಲ್ಲ ನಿನೊಂಗ್."

"ತಿರುಗತ್ತೆ ಅಂತ ತಿರುಗಿಸ್ತಾ ಹೋಗೋದಲ್ಲ, ಇಂದಾಯ್. ಎಲ್ಲಿ ನಿಲ್ಲಿಸ್ಬೇಕು ಅನ್ನೋದನ್ನ ಕೈ ಹೇಳತ್ತೆ. ಬೆಳಿಗ್ಗೆ ಬಂದು ಬುಡದ ಸುತ್ತ ಬಿಳಿ ಸಿಮೆಂಟು ಎಳೀತೀನಿ." ಇಂದಾಯ್, ಅಂದರೆ ಹುಡುಗಿ, ಎಂದು ಅವರು ನನ್ನನ್ನು ಕರೆಯುವುದು ನಾನು ಜಡೆ ಹಾಕುತ್ತಿದ್ದ ಕಾಲದಿಂದ. ನನಗೀಗ ನಲವತ್ತನಾಲ್ಕು.

ಅವರು ಹೋದ ಮೇಲೆ ನಾನು ಮಾಡಿದ್ದು ಇದು. ಮಕ್ಕಳ ಪರೀಕ್ಷೆಯ ಹಾಳೆಯೊಂದನ್ನು ತಂದು ಕಮೋಡಿನ ಬುಡಕ್ಕೂ ಟೈಲ್ಸಿಗೂ ನಡುವೆ ತೂರಿಸಿ ನೋಡಿದೆ. ಎಡಗಡೆ ಹೋಗಲಿಲ್ಲ. ಬಲಗಡೆ ಎರಡು ಬೆರಳಷ್ಟು ಒಳಗೆ ಹೋಯಿತು. ಟೈಲ್ಸು ಪೂರ್ತಿ ಸಮ ಇರುವುದಿಲ್ಲ, ಆ ಸಂದಿಗೇ ಬಿಳಿ ಸಿಮೆಂಟು ಬೇಕಾಗುವುದು ಎಂದು ನನಗೆ ಹೊಳೆಯಲಿಲ್ಲ. ನನ್ನ ಕಣ್ಣಿಗೆ ಕಂಡದ್ದು ಅಮ್ಮನ ಬಲಗಾಲು. ಮುರಿದದ್ದು ಬಲಸೊಂಟ. ಏಳುವಾಗ ಅವಳು ಊರುವುದು ಯಾವ ಕಡೆಗೆ ಎಂದು ಯೋಚಿಸುತ್ತಾ, ಮೇಸ್ತ್ರಿ ಬಿಟ್ಟುಹೋಗಿದ್ದ ಸ್ಪ್ಯಾನರು ತೆಗೆದುಕೊಂಡೆ. ಎಡಗಡೆಯ ನೆಟ್ಟಿಗೆ ಅರ್ಧ ಸುತ್ತು. ಬಲಗಡೆಯದಕ್ಕೆ ಮುಕ್ಕಾಲು. ಹಾಳೆ ಹೋಗುವುದು ನಿಂತಿತು. ಕೈ ತೊಳೆದುಕೊಂಡು, ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡು ಮಲಗಿದ್ದೆ.

ಈಗ ಬಲಗಡೆಯೇ ಅಲ್ಲಾಡುತ್ತಿತ್ತು.

ಐದಕ್ಕೆ ಇನ್ನೂ ಕತ್ತಲಿರುವಾಗಲೇ ಮೇಸ್ತ್ರಿಯ ಬಾಗಿಲು ಬಡಿದೆ. ಅವರ ಹೆಂಡತಿ ಲೂಡಿಂಗ್, ನನ್ನ ಅಮ್ಮನ ಜೊತೆ ಆಸ್ಪತ್ರೆಯಲ್ಲಿದ್ದರು; ಮೇಸ್ತ್ರಿ ಒಬ್ಬರೇ ಕಾಫಿಗೆ ಬ್ರೆಡ್ಡು ಅದ್ದಿಕೊಂಡು ಕೂತಿದ್ದರು.

"ಏನು, ಇಂದಾಯ್? ಕೊನ್ಸೋಲಗೆ ಏನಾದ್ರೂ…"

"ಅಮ್ಮ ಚೆನ್ನಾಗಿದ್ದಾಳೆ. ಕಮೋಡು ಅಲ್ಲಾಡ್ತಿದೆ ನಿನೊಂಗ್. ರಾತ್ರಿ ಟಿಕ್ ಅಂತ ಸದ್ದಾಯ್ತು."

"ನಾನು ಕೂರಿಸಿದ್ದಾ?" ಅಂದರು. ಬ್ರೆಡ್ಡಿನ ತುದಿ ಕಾಫಿಗೆ ಬಿತ್ತು.

ದಾರಿಯುದ್ದಕ್ಕೂ ಹೇಳಿಬಿಡಬೇಕು ಅಂದುಕೊಂಡೆ. ನಾಲಿಗೆಯ ತುದಿಗೆ ವಾಕ್ಯ ಕಟ್ಟಿ ಇಟ್ಟುಕೊಂಡಿದ್ದೆ. ಮೇಸ್ತ್ರಿ ಓಡುವ ಹಾಗೆ ನಡೆಯುತ್ತಿದ್ದರು, ನಾನು ಹಿಂದೆ ಉಳಿದೆ.

ನೆಟ್ಟು ಬಿಚ್ಚಿ, ಇಬ್ಬರೂ ಸೇರಿ ಕಮೋಡನ್ನು ಎತ್ತಿ ಚೀಲದ ಮೇಲೆ ಮಲಗಿಸಿದೆವು. ಮೇಣದ ಉಂಗುರ ಚಪ್ಪಟೆಯಾಗಿ ಹರಿದು ಬಂತು. ಮೇಸ್ತ್ರಿ ಮೊಣಕಾಲೂರಿ ಅದನ್ನು ಬಳಿದು ತೆಗೆದರು. ಫ್ಲ್ಯಾಂಜಿನ ಬಲ ಸೀಳಿನಿಂದ ಕೊರಳಿನವರೆಗೆ ಕೂದಲೆಳೆಯಂಥ ಬಿರುಕು. ಉಗುರಿನಿಂದ ಮೀಟಿದರು; ಬಿಳಿ ತುಂಡು ಎದ್ದು ಕೈಗೆ ಬಂತು.

ಅವರು ಅದನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದರು.

"ಬೆಂಕಿ ಜಾಸ್ತಿಯಾಗಿದೆ," ಅಂದರು. "ಬಿಸಿ ಪೈಪು ತಾಗಿ ಇದರ ಕಸುವು ಹೋಗಿದೆ. ಮೊದಲಾಗಿದ್ರೆ ವಾಸನೇಲೇ ಗೊತ್ತಾಗ್ತಿತ್ತು ನಂಗೆ."

"ನಿನೊಂಗ್…"

"ಅರವತ್ತಾರು ವರ್ಷ ಆಯ್ತಲ್ಲ. ಲೂಡಿಂಗ್ ಹೇಳ್ತಾನೇ ಇದ್ದಾಳೆ, ಸಾಕು ಮಾಡು, ಮೊಮ್ಮಕ್ಕಳನ್ನ ಆಡಿಸು ಅಂತ. ಸಿಸ್ಟರುಗಳ ಮಠದ ನಾಲ್ಕು ಬಚ್ಚಲು ಒಪ್ಪಿಕೊಂಡಿದ್ದೆ. ಬೇರೆ ಯಾರಿಗಾದ್ರೂ ಕೊಡಿ ಅಂತ ಹೇಳಿಬಿಡ್ತೀನಿ."

ನಾನು ಬಾಯಿ ತೆರೆದೆ. ಆಗಲೇ ಫೋನು ಹೊಡೆದುಕೊಂಡಿತು. ಲೂಡಿಂಗ್.

"ಡೆಲಿಸ್, ಡಾಕ್ಟರು ಬೇಗ ಬಂದು ಸಹಿ ಹಾಕಿಬಿಟ್ರು ಕಣಮ್ಮ. ಒಂಬತ್ತಕ್ಕೆಲ್ಲ ಮನೇಲಿರ್ತೀವಿ. ನಿಮ್ಮಮ್ಮ ನಿನ್ನೆ ಸಂಜೆಯಿಂದ ಒಂದು ಹನಿ ಕುಡಿದಿಲ್ಲ. ಮನೇಗೆ ಹೋಗಿ ಇಪ್ಯೊ ಹಾಕಿದ್ದರ ಮೇಲೇ ಕೂರ್ತೀನಿ, ಅಲ್ಲೀವರೆಗೆ ತಡ್ಕೋತೀನಿ ಅಂತಾಳೆ. ಎಲ್ಲ ರೆಡಿ ತಾನೆ?"

"ರೆಡಿ," ಅಂದೆ.

ಮೇಸ್ತ್ರಿ ಗೋಡೆ ಹಿಡಿದು ಎದ್ದರು. "ಸಿಮೆಂಟಲ್ಲಿ ಕೂರಿಸಿದ್ರೆ ಎರಡು ದಿನ ಬೇಕು. ಆಗಲ್ಲ. ಇದನ್ನ ಕೊಯ್ದು ತೆಗೆದ್ರೆ ಪೈಪು ನೆಲದ ಸಮಕ್ಕೆ ಬರತ್ತೆ, ಮೇಲೆ ತೊಡಿಸೋಕೆ ಏನೂ ಉಳಿಯಲ್ಲ. ಪೈಪಿನ ಒಳಗೆ ಇಳಿಯೋ ಫ್ಲ್ಯಾಂಜು ಬೇಕು. ಸಿಗತ್ತೋ ಇಲ್ಲವೋ. ನೀನು ಹೋಗಿ ಬಾ, ಅಷ್ಟರಲ್ಲಿ ನಾನು ಕೊಯ್ದಿರ್ತೀನಿ."

ಕೆಲಸದಲ್ಲಿ ಉಳಿದಿದ್ದ ಪೈಪಿನ ಒಂದು ತುಂಡನ್ನು ಚೀಲಕ್ಕೆ ಹಾಕಿಕೊಂಡು ಸಂತೆಬೀದಿಯ ಹಾರ್ಡ್‌ವೇರ್ ಅಂಗಡಿಯ ಮುಂದೆ ಏಳಕ್ಕೆ ಮೊದಲೇ ನಿಂತೆ. ಅಂಗಡಿಯ ಯಜಮಾನಿ ಮಿಸಿಸ್ ಟಿಯು ಬಾಗಿಲನ್ನು ಅರ್ಧ ಎತ್ತಿ, ಅದರ ಕೆಳಗಿನಿಂದ ನನ್ನ ಚಪ್ಪಲಿ ನೋಡಿದರು.

"ಯಾರದು? ಟೀಚರಾ? ಬಚ್ಚಲು ಮುಗೀತು ಅಂದ್ರಲ್ಲ."

"ಫ್ಲ್ಯಾಂಜು ಬೇಕಿತ್ತು."

"ಅಮೆರಿಕದಿಂದ ಬಂದಿತ್ತಲ್ಲ. ಇಡೀ ಬೀದಿಗೇ ಗೊತ್ತು."

"ಇನ್ನೊಂದು ಬೇಕು," ಅಂದೆ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಈ ಊರಲ್ಲಿ ಏಳಕ್ಕೆ ಆಡಿದ ಮಾತು ಎಂಟಕ್ಕೆ ಚರ್ಚಿನ ಮೆಟ್ಟಿಲಲ್ಲಿರುತ್ತದೆ. "ಶಾಲೇಗೆ," ಅಂತ ಸೇರಿಸಿದೆ. ಬೆಳಗಿನಿಂದ ಅದು ಎರಡನೆಯ ಸುಳ್ಳು.

ಅವರು ಮೂರು ಫ್ಲ್ಯಾಂಜು ತಂದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಮೊದಲನೆಯದು ಪೈಪಿನ ಮೇಲೆ ತೊಡಿಸುವಂಥದ್ದು. ಅದನ್ನು ಪಕ್ಕಕ್ಕೆ ಸರಿಸಿದೆ. ಉಳಿದೆರಡೂ ಒಳಗೆ ಇಳಿಯುವಂಥವು. ಒಂದು ಪೂರ್ತಿ ಪ್ಲಾಸ್ಟಿಕ್ಕು, ತೆಳು, ಅಂಚನ್ನು ಬೆರಳಲ್ಲಿ ಒತ್ತಿದರೆ ಬಾಗುತ್ತಿತ್ತು. ಇನ್ನೊಂದಕ್ಕೆ ಅಂಚಿನಲ್ಲಿ ಸ್ಟೀಲಿನ ಬಳೆ, ಬಳೆಯಲ್ಲಿ ನೆಲಕ್ಕೆ ಸ್ಕ್ರೂ ಹಾಕಲು ನಾಲ್ಕು ತೂತು.

ತೆಳುವಾದದ್ದನ್ನು ನನ್ನ ಪೈಪಿನ ತುಂಡಿಗೆ ಇಳಿಸಿದೆ. ಸಲೀಸಾಗಿ ಹೋಯಿತು. ಸ್ಟೀಲಿನದನ್ನು ಇಳಿಸಿದೆ. ಕಾಲು ಭಾಗ ಹೋಗಿ ನಿಂತುಬಿಟ್ಟಿತು.

"ಅದು ಹೋಗಲ್ಲ, ಇದೇ ತಗೊಳ್ಳಿ," ಅಂದರು ಮಿಸಿಸ್ ಟಿಯು. "ಎಲ್ಲರೂ ಇದನ್ನೇ ತಗೊಂಡ್ ಹೋಗೋದು. ವಾಪಸ್ ಬಂದಿಲ್ಲ."

ಗೋಡೆಯ ಗಡಿಯಾರದಲ್ಲಿ ಏಳೂ ಹತ್ತು. ಸಲೀಸಾಗಿ ಹೋಗುವುದು ಸರಿಯೋ, ತಡೆದು ನಿಲ್ಲುವುದು ಸರಿಯೋ? ಸಡಿಲವಾದದ್ದನ್ನು ಬೆಂಕಿಯಲ್ಲಿ ಹೊಂದಿಸಿದ್ದರ ಫಲ ಮನೆಯಲ್ಲಿ ಬಿದ್ದಿತ್ತು. ಬಿಗಿಯಾದದ್ದನ್ನು ಒಯ್ದು, ಅದು ಇಳಿಯದೇ ಹೋದರೆ ಮತ್ತೆ ಬರಲು ಹೊತ್ತಿರಲಿಲ್ಲ. ತಪ್ಪಿದರೆ ಅಮ್ಮ ಬಾಗಿಲಲ್ಲಿ ನಿಂತು ಆ ಬರಿಯ ತೂತನ್ನು ನೋಡುತ್ತಾಳೆ. ಪೈಪಿನ ಅಂಚಿನ ಮೇಲೆ ಬೆರಳು ಸುತ್ತಿಸಿದೆ. ಗರಗಸದಲ್ಲಿ ಕೊಯ್ದ ಕಡೆ ಒಳಮುಖಕ್ಕೆ ಮುಳ್ಳುಮುಳ್ಳಾಗಿ ಎದ್ದಿತ್ತು.

"ಒಂದು ಚಾಕು ಕೊಡಿ," ಅಂದೆ.

"ಟೀಚರ್, ಹೊಸ ಚಾಕುಗಳು ಮಾರೋಕಿರೋದು."

"ಹಳೇದು ಕೊಡಿ."

ಅಂಚನ್ನು ಸುತ್ತಲೂ ಕೆರೆದೆ. ಕಿತ್ತಳೆ ಬಣ್ಣದ ಸಿಪ್ಪೆ ಮೇಜಿನ ಮೇಲೆ ಉದುರಿತು. ಮತ್ತೆ ಇಳಿಸಿದೆ. ಈ ಸಲ ತಡೆಯುತ್ತಾ ತಡೆಯುತ್ತಾ, ಒತ್ತಿದಷ್ಟೇ ಒಳಗೆ ಹೋಗಿ ಬಳೆ ಪೈಪಿನ ಅಂಚಿಗೆ ತಾಗಿತು. ತಲೆಕೆಳಗೆ ಮಾಡಿ ಅಲುಗಿಸಿದೆ. ಬೀಳಲಿಲ್ಲ.

"ಇದು," ಅಂದೆ. "ಮತ್ತೆ ಒಂದು ಮೇಣದ ಉಂಗುರ, ಅಂಟು, ನಾಲ್ಕು ಸ್ಕ್ರೂ."

"ಶಾಲೇಲಿ ಇದನ್ನೂ ಕಲಿಸ್ತೀರಾ ಈಗ?" ಅಂದರು ಮಿಸಿಸ್ ಟಿಯು, ಸಿಪ್ಪೆಯನ್ನು ಒರೆಸುತ್ತಾ.

ಮನೆಗೆ ಬಂದಾಗ ಹಳೆಯ ಫ್ಲ್ಯಾಂಜು ತುಂಡುತುಂಡಾಗಿ ಬಕೆಟ್ಟಿನಲ್ಲಿತ್ತು. ಬೆಂಕಿ ತಾಗಿ ಅಗಲಿಸಿದ ಭಾಗವನ್ನೂ ಮೇಸ್ತ್ರಿ ಕೊಯ್ದು ತೆಗೆದಿದ್ದರು. ಪೈಪಿನ ಬಾಯಿ ಟೈಲ್ಸಿನ ಸಮಕ್ಕೆ ದುಂಡಗೆ, ಚೊಕ್ಕಟವಾಗಿತ್ತು. ಅಂಗಡಿಯಲ್ಲಿ ಮಾಡಿದ ಹಾಗೇ ಅಂಚು ಕೆರೆದೆವು. ಅಂಟು ಹಚ್ಚಿ, ಮೇಸ್ತ್ರಿ ಎರಡೂ ಹೆಬ್ಬೆರಳಿನಿಂದ ಒತ್ತಿ ಹಿಡಿದು ಐವತ್ತು ಎಣಿಸಿದರು. ನೆಲಕ್ಕೆ ತೂತು ಕೊರೆದು ನಾಲ್ಕೂ ಸ್ಕ್ರೂ ಹಾಕಿದರು. ವಿಲ್ಲಿಯ ಹಿತ್ತಾಳೆ ಬೋಲ್ಟುಗಳು ಹೊಸ ಬಳೆಯ ಸೀಳಿನಲ್ಲಿ ನೆಟ್ಟಗೆ ನಿಂತವು. ಅಂಗಡಿಯ ಮೇಣ ಹಳೆಯ ದಾಸ್ತಾನು, ಗಡುಸಾಗಿತ್ತು. ಅದನ್ನು ನಾನು ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡು ಬೆಚ್ಚಗೆ ಮಾಡಿದೆ. ಮೇಣ ಕೂರಿಸಿ, ಇಬ್ಬರೂ ಸೇರಿ ಕಮೋಡನ್ನು ಎತ್ತಿ ಬೋಲ್ಟುಗಳ ಮೇಲೆ ಇಳಿಸಿದೆವು.

ಎಂಟೂ ಇಪ್ಪತ್ತೈದು. ಉಳಿದದ್ದು ಎರಡು ನೆಟ್ಟು.

ಮೇಸ್ತ್ರಿ ಸ್ಪ್ಯಾನರನ್ನು ನನ್ನ ಕಡೆಗೆ ಚಾಚಿದರು.

"ನೀನೇ ಬಿಗಿ ಮಾಡು ಇಂದಾಯ್."

"ನಾನಾ?"

"ನಿನ್ನೆ ನನ್ನ ಕೈ ಸಾಕು ಅಂತ ಹೇಳಿತ್ತು. ನೋಡಿದೆಯಲ್ಲ ಅದರ ಮಾತು ಹೇಗಿದೆ ಅಂತ. ಇವತ್ತು ಕೂರೋದು ಕೊನ್ಸೋಲ. ಈ ಕೈನ ನಾನು ನಂಬಲ್ಲ."

ಅವರು ತಮಾಷೆ ಮಾಡುತ್ತಿರಲಿಲ್ಲ. ಅಂಗೈಯನ್ನು ಯಾರೋ ಸುಳ್ಳು ಹೇಳಿದವರನ್ನು ನೋಡುವ ಹಾಗೆ ನೋಡಿಕೊಳ್ಳುತ್ತಿದ್ದರು. ಸ್ಪ್ಯಾನರು ನನ್ನ ಕೈಗೆ ಬಂತು. ಎಷ್ಟು ತಿರುಗಿಸಬೇಕು, ಎಲ್ಲಿ ನಿಲ್ಲಿಸಬೇಕು, ಯಾವ ಚೀಟಿಯೂ ಹೇಳುವುದಿಲ್ಲ. ಕಡಿಮೆಯಾದರೆ ಅಲ್ಲಾಡುತ್ತದೆ. ಹೆಚ್ಚಾದರೆ ಈ ಸಲ ಸ್ಟೀಲು ಬಗ್ಗುವುದಿಲ್ಲ, ಪಿಂಗಾಣಿಯೇ ಸೀಳುತ್ತದೆ. ಅದನ್ನು ಬಲ್ಲ ಕೈ ಇಡೀ ಮನೆಯಲ್ಲಿ ಒಂದೇ, ಮತ್ತು ಆ ಕೈಯನ್ನು ಕೆಡಿಸಿದ್ದು ನಾನು.

"ಬೆಂಕಿಯಿಂದ ಒಡೆದದ್ದಲ್ಲ ನಿನೊಂಗ್," ಅಂದೆ. ಕಟ್ಟಿಟ್ಟುಕೊಂಡಿದ್ದ ವಾಕ್ಯ ಎಲ್ಲೋ ಹೋಗಿತ್ತು. "ನೀವು ಹೋದ ಮೇಲೆ ನಾನು ತಿರುಗಿಸಿದೆ."

ಅವರು ಅಂಗೈಯಿಂದ ಕಣ್ಣೆತ್ತಿದರು.

"ಹಾಳೆ ತೂರಿಸಿ ನೋಡಿದೆ. ಸಂದಿ ಇತ್ತು. ಸಡಿಲ ಇದೆ ಅನ್ನಿಸ್ತು."

"ಎಷ್ಟು ತಿರುಗಿಸಿದೆ?"

"ಎಡಕ್ಕೆ ಅರ್ಧ."

"ಬಲಕ್ಕೆ?"

"ಮುಕ್ಕಾಲು."

ನೆಲದ ಮೇಲೆ ಕೂತಿದ್ದ ಅವರ ಮುಖದಲ್ಲಿ ರಕ್ತ ಏರುವುದು ಕಂಡಿತು. ಬೈಯಬಹುದು ಎಂದು ಕಾದೆ. ಬೈದರೆ ಹಗುರಾಗುತ್ತಿತ್ತು.

"ಐದು ಗಂಟೆಗೆ ನನ್ನ ಮನೆ ಬಾಗಿಲಲ್ಲಿ ನಿಂತಾಗ್ಲೂ ಗೊತ್ತಿತ್ತು ನಿಂಗೆ."

"ಗೊತ್ತಿತ್ತು."

"ಮೂರೂವರೆ ಗಂಟೆ, ನನ್ನ ಕೈ ಸತ್ತುಹೋಯ್ತು ಅಂತ ನಾನು ಅಂದುಕೊಂಡಿದ್ದೆ. ನೀನು ಪಕ್ಕದಲ್ಲೇ ಇದ್ದು ಸುಮ್ಮನಿದ್ದೆ. ಚರ್ಚಲ್ಲಿ ಎತ್ತಿಕೊಂಡಾಗ ನನ್ನ ಅಂಗಿ ಮೇಲೆ ಉಚ್ಚೆ ಹೊಯ್ದಿದ್ದೆ, ಅದಕ್ಕೆ ಬೇಜಾರಿಲ್ಲ. ಇದಕ್ಕಿದೆ."

ನನಗೆ ಅಳು ಬಂತು. ಅವರು ಸ್ಪ್ಯಾನರನ್ನು ನನ್ನ ಬೆರಳುಗಳಿಂದ ಬಿಡಿಸಿಕೊಂಡರು.

"ಅಳೋದಕ್ಕೆ ಆಮೇಲೆ ಹೊತ್ತಿದೆ. ಆ ಕಡೆ ಹೋಗಿ ಕಮೋಡಿನ ಮೇಲೆ ಕೂತ್ಕೋ, ಭಾರ ಬೇಕು. ಮುಕ್ಕಾಲಂತೆ! ಕಾಲೇಜಲ್ಲಿ ಇದನ್ನೇನಾ ಓದಿದ್ದು?"

ನಾನು ಕೂತೆ. ಎಡಕ್ಕೊಂದಿಷ್ಟು, ಬಲಕ್ಕೊಂದಿಷ್ಟು. ಅವರ ಕಣ್ಣು ಮುಚ್ಚಿತ್ತು. ಕೊನೆಯ ಸಲ ಸ್ಪ್ಯಾನರು ಎಳ್ಳಷ್ಟೂ ಸರಿಯದೆ ನಿಂತಿತು. "ಸಾಕು," ಅಂದರು. ನಿನ್ನೆಯ ಅದೇ ದನಿ. ಆಮೇಲೆ ಬಿಳಿ ಸಿಮೆಂಟು ಕಲಸಿ ಬುಡದ ಸುತ್ತ ತೆಳ್ಳಗೆ ಎಳೆದರು. ಅವರು ಬೆರಳು ಒರೆಸಿಕೊಳ್ಳುವ ಹೊತ್ತಿಗೆ ಹೊರಗೆ ವ್ಯಾನಿನ ಹಾರನ್ನು ಕೇಳಿಸಿತು.

ಅಮ್ಮ ಅರ್ಧಕ್ಕರ್ಧ ಇಳಿದುಹೋಗಿದ್ದಳು. ನಾಲ್ಕು ಕಾಲಿನ ಊರುಗೋಲನ್ನು ಒಂದೊಂದೇ ಹೆಜ್ಜೆಗೆ ಮುಂದಿಡುತ್ತಾ, ತುಟಿ ಬಿಳಿಚಿಕೊಂಡು ಬಂದಳು. ಯಾರನ್ನೂ ಮಾತಾಡಿಸದೆ ನೇರ ಬಚ್ಚಲಿಗೆ. ಬಾಗಿಲಲ್ಲಿ ನಿಂತು ಕಮೋಡನ್ನು, ನಮ್ಮಿಬ್ಬರನ್ನು, ಮತ್ತೆ ಕಮೋಡನ್ನು ನೋಡಿದಳು.

"ಯಾಕೆ ಇಬ್ರೂ ಹೆಣ ಹೊತ್ತು ಬಂದವರ ಥರ ನಿಂತಿದ್ದೀರಿ?"

"ನಿನಗೋಸ್ಕರ ಬೇಗ ಎದ್ದಿದ್ದು, ಕುಮಾರೆ," ಅಂದರು ಮೇಸ್ತ್ರಿ. ಮಗಳ ನಿನೊಂಗ್ ತಾಯಿಯನ್ನು ಕರೆಯುವುದು ಹಾಗೆ.

ನಾನು ಅವಳನ್ನು ಕೂರಿಸಲು ಹೋದೆ. "ಬಿಡು. ನಲವತ್ತು ವರ್ಷ ಸಂತೇಲಿ ಒಣಮೀನು ಮಾರಿದ್ದೀನಿ, ಸಂತೆ ಮುಂದೆ ಇದನ್ನ ಮಾಡಿಲ್ಲ. ಬಾಗಿಲು ಹಾಕು."

"ಅಮ್ಮ, ನಾನು ಒಳಗೇ…"

"ಹಾಕು ಅಂದೆ."

ಹಾಕಿದೆ. ಹೊರಗೆ ನಾನು, ಮೇಸ್ತ್ರಿ, ಲೂಡಿಂಗ್. ಊರುಗೋಲಿನ ರಬ್ಬರು ಟೈಲ್ಸಿನ ಮೇಲೆ ಎರಡು ಸಲ ಕಿರುಗುಟ್ಟಿತು. ಬಟ್ಟೆಯ ಸರಪರ. ಹಿಡಿಕೆಗೆ ಕೈ ತಾಗಿದ ಸದ್ದು. ಆಮೇಲೆ ಏನೂ ಇಲ್ಲ. ನಾನು ಆ ಒಂದು ಸದ್ದಿಗಾಗಿ ಮೈಯೆಲ್ಲ ಕಿವಿಯಾಗಿ ನಿಂತಿದ್ದೆ. ಲೂಡಿಂಗ್ ನಮ್ಮಿಬ್ಬರ ಮುಖ ನೋಡಿ ಏನೋ ಕೇಳಲು ಹೊರಟರು. ಮೇಸ್ತ್ರಿ ಕೈಯೆತ್ತಿ ತಡೆದರು.

"ಇಪ್ಯೊ!" ಒಳಗಿನಿಂದ ಅಮ್ಮನ ಕೂಗು.

ನನ್ನ ಕೈ ಬಾಗಿಲಿನ ಚಿಲಕದ ಮೇಲಿತ್ತು.

"ಏನು ಕುಮಾರೆ?"

"ಇದು ನಿನ್ನ ಸಿಮೆಂಟೋ, ಆ ಹುಡುಗನ ಅಮೆರಿಕಾ ಸಾಮಾನೋ?"

ಮೇಸ್ತ್ರಿ ನನ್ನ ಕಡೆ ನೋಡಿದರು. "ಸಿಮೆಂಟು ನಂದು, ಬೋಲ್ಟು ಅವನದು."

"ಹೂಂ. ಬಂಡೆ ಥರ ಕೂತಿದೆ. ನೀವು ಆ ಕಡೆ ಹೋಗಿ. ಬಾಗಿಲಿಗೆ ಕಿವಿ ಕೊಟ್ಕೊಂಡು ನಿಂತ್ರೆ ನಂಗೆ ಬರಲ್ಲ."

ಲೂಡಿಂಗ್ ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಕ್ಕರು. ನಾವು ಅಡುಗೆಮನೆಗೆ ಸರಿದೆವು. ಬಹಳ ಹೊತ್ತಿನ ಮೇಲೆ ನೀರು ಸುರಿದ ಸದ್ದು ಬಂತು. ಹಾಸಿಗೆಗೆ ಬಂದು ಕಾಲು ಚಾಚಿದ ಅಮ್ಮ ಒಂದು ಲೋಟ ನೀರು ಕೇಳಿದಳು. ಕುಡಿದಳು. ಇನ್ನೊಂದು ಕೇಳಿದಳು.

ಹನ್ನೊಂದಕ್ಕೆ ವಿಲ್ಲಿ ಫೋನು ಮಾಡಿದ. ಅವನಿಗಿನ್ನೂ ಶುಕ್ರವಾರದ ರಾತ್ರಿ. ಕೆಲಸದ ಅಂಗಿ ತೆಗೆದಿರಲಿಲ್ಲ, ಮುಖ ತೊಳೆದಿರಲಿಲ್ಲ.

"ಮನಾಂಗ್, ಕೂತಳಾ? ನನ್ನ ಫ್ಲ್ಯಾಂಜು ಹಿಡೀತಾ?"

ಹಿತ್ತಲ ನಲ್ಲಿಯಲ್ಲಿ ಕರಣೆ ತೊಳೆಯುತ್ತಿದ್ದ ಮೇಸ್ತ್ರಿ ನೀರು ನಿಲ್ಲಿಸಿದರು. ಬೆಳಿಗ್ಗೆ ಅವರನ್ನು ಕೇಳಿದ್ದೆ, ವಿಲ್ಲಿಗೂ ಅಮ್ಮನಿಗೂ ನನ್ನ ತಪ್ಪು ಅಂತ ಹೇಳಿಬಿಡಲಾ ಎಂದು. ಹೇಳು ಅಂತಲೂ ಅನ್ನಲ್ಲ, ಬೇಡ ಅಂತಲೂ ಅನ್ನಲ್ಲ, ನಾನು ಸೋಮವಾರ ಮಠದ ಕೆಲಸಕ್ಕೆ ಹೋಗ್ತಿದ್ದೀನಿ, ನಂಗೆ ಅಷ್ಟು ಸಾಕು ಅಂದಿದ್ದರು.

ಹೇಳಿದರೆ ವಿಲ್ಲಿಗೆ ತನ್ನದು ಹೊಂದಲಿಲ್ಲ ಎಂದು ಗೊತ್ತಾಗುತ್ತದೆ. ಅಮ್ಮನಿಗೆ, ತಾನು ಕೂತ ಜಾಗ ಆ ರಾತ್ರಿ ಒಮ್ಮೆ ಅಲ್ಲಾಡಿತ್ತು ಎಂದು ಗೊತ್ತಾಗುತ್ತದೆ; ಪ್ರತಿ ಸಲ ಕೂರುವಾಗಲೂ ಅದನ್ನೇ ನೆನೆಯುತ್ತಾಳೆ. ಹೇಳದಿದ್ದರೆ ಭಾರ ಹೊರಬೇಕಾದವಳು ನಾನೊಬ್ಬಳೇ.

"ಕೂತಳು ವಿಲ್ಲಿ," ಅಂದೆ. "ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ."

ಅವನು ಪರದೆಯಿಂದ ಮುಖ ಆಚೆ ತಿರುಗಿಸಿದ. ಸ್ವಲ್ಪ ಹೊತ್ತು ಅವನ ಕಿವಿ ಮಾತ್ರ ಕಾಣುತ್ತಿತ್ತು. "ನಾನೇ ಬಂದು ಹಾಕಿದಷ್ಟಾಯ್ತು," ಅಂದ.

ನಾನು ಆಡಿದ ಮಾತಿನಲ್ಲಿ ಒಂದು ಪದವೂ ಸುಳ್ಳಲ್ಲ. ಪದಗಳನ್ನು ತೂಗಿ ಬಳಸುವವಳಿಗೆ ಅದರಿಂದ ಸಮಾಧಾನ ಸಿಗಬೇಕಿತ್ತು, ಸಿಗಲಿಲ್ಲ. ಆದರೂ ಕೋಣೆಯೊಳಗಿಂದ ಅಮ್ಮ, ಯಾರದು ಫೋನು, ಏನಂತೆ, ಎಂದು ಕೂಗಿದಾಗ, ಯಾರಿಗೂ, ಯಾವತ್ತಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿ ಒಳಗೆ ಹೋದೆ.